ನೀರಸಾಗರದ ನೀರು, ಚಿಕಾಗೋದ ಮಾಸ್ತರು

ಹುಬ್ಬಳ್ಳಿಯಲ್ಲಿ ನಳ ತಿರುವಿ ಕೊಡ ತುಂಬಿಕೊಂಡವರು ಆ ನೀರು ಯಾವ ಊರಿನದು ಎಂದು ಕೇಳಿದ್ದು ಕಡಿಮೆ. ಕಲಘಟಗಿ ತಾಲೂಕಿನ ದುಮ್ಮವಾಡದ ಹತ್ತಿರ ಬೇಡ್ತಿ ಹಳ್ಳಕ್ಕೆ ಒಡ್ಡು ಹಾಕಿ 1955ರಲ್ಲಿ ಕಟ್ಟಿದ ಕೆರೆಯೇ ನೀರಸಾಗರ. ಮಲಪ್ರಭೆಯ ನೀರು ಬರುವುದಕ್ಕೂ ಮೊದಲಿಂದ ಹುಬ್ಬಳ್ಳಿಯ ನೀರಡಿಕೆ ಹಿಂಗಿಸಿದ ಕೆರೆ ಇದು. ಮಳೆ ಕೈಕೊಟ್ಟ ವರ್ಷ ಇದರ ತಳ ಕಾಣುತ್ತದೆ. ಪೇಟೆಯವರಿಗೆ ದುಮ್ಮವಾಡದ ನೆನಪಾಗುವುದು ಆಗ ಮಾತ್ರ!

ನೀರಿನಂತೆಯೇ ಮಾತೂ ಹಳ್ಳಿಯಿಂದ ದೂರ ಹೋಗುತ್ತದೆ. ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ನೀರಸಾಗರ ಕಟ್ಟಿದ ಅದೇ 1955ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ‘ಗಾದೆಗಳು’ ಎಂಬ ಸಣ್ಣ ಪುಸ್ತಕ ಪ್ರಕಟಿಸಿತು. ಬರೆದವರು ಇಂಗ್ಲಿಷ್ ಕಲಿಸುವ ಒಬ್ಬ ತರುಣ ಮಾಸ್ತರು. ನಾಲ್ಕು ವರ್ಷ ಬಿಟ್ಟು ಅವರು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಮುಂದೆ ಅಲ್ಲಿಯವರೇ ಆದರು. ಹೆಸರು ಎ.ಕೆ. ರಾಮಾನುಜನ್.

‘ಇಂಗ್ಲಿಷ್ ಬಂದರ ಸಾಕು’

ಈಗ ನಮ್ಮ ಹಳ್ಳಿಗಳ ಕಟ್ಟೆಯ ಮೇಲೆ ಕೂತರೆ ಕೇಳಿಸುವ ಮಾತು ಒಂದೇ. “ಹುಡುಗಗ ಇಂಗ್ಲಿಷ್ ಬಂದರ ಸಾಕ್ರಿ, ಎಲ್ಲ್ಯಾದ್ರೂ ಬದಕತಾನ.” ಕಂಪ್ಯೂಟರ್ ಕಲಿತವರು ಹೋದದ್ದು ಎಲ್ಲರಿಗೂ ಗೊತ್ತು. ಇಂಗ್ಲಿಷ್ ಎಂ.ಎ. ಮಾಡಿ ಪರದೇಶದಲ್ಲಿ ಪಾಠ ಹೇಳಲು ಹೋದವರೂ ಇದ್ದಾರೆ. ಲಿಬಿಯಾ, ಯೆಮೆನ್ ದೇಶಗಳ ಕಾಲೇಜುಗಳಿಗೂ ಭಾರತದಿಂದ ಮಾಸ್ತರರು ಹೋದರು. ಆದರೆ 2011ರಲ್ಲಿ ಲಿಬಿಯಾದಲ್ಲಿ, 2015ರಲ್ಲಿ ಯೆಮೆನ್‌ನಲ್ಲಿ ಗುಂಡು ಹಾರಿದಾಗ ಭಾರತ ಸರಕಾರ ಹಡಗು, ವಿಮಾನ ಕಳಿಸಿ ಸಾವಿರಾರು ಭಾರತೀಯರನ್ನು ವಾಪಸು ಕರೆತರಬೇಕಾಯಿತು. ಪರದೇಶದ ನೌಕರಿ ಅಂದರೆ ಬರೀ ಪಗಾರದ ಮಾತಲ್ಲ.

ಹೋದ ಮೇಲೆ ಮನುಷ್ಯ ಅಲ್ಲಿ ಬೇರು ಬಿಡುವುದು ಯಾವುದರ ಮೇಲೆ? ಇಲ್ಲಿಂದ ಏನು ಒಯ್ಯಬೇಕು, ಏನು ಬಿಟ್ಟು ಹೋಗಬೇಕು? ಮನೆಯ ಮಾತು ಬಿಟ್ಟರೇ ಇಂಗ್ಲಿಷ್ ಬರುತ್ತದೆ ಎಂದು ನಂಬಿದ ತಂದೆತಾಯಿಗಳು ಈ ರಾಮಾನುಜನ್ ಮಾಸ್ತರರ ಕಥೆ ಕೇಳುವುದು ಒಳ್ಳೆಯದು.

ಬೆಳಗಾವಿಯೇ ಮೊದಲ ಪರದೇಶ

ರಾಮಾನುಜನ್ ಹುಟ್ಟಿದ್ದು 1929ರಲ್ಲಿ, ಮೈಸೂರಿನಲ್ಲಿ. ತಂದೆ ಗಣಿತದ ಪ್ರಾಧ್ಯಾಪಕರು. ಮನೆಯೊಳಗೆ ಮೂರು ಭಾಷೆ. ಅಡಿಗೆಮನೆಯಲ್ಲಿ ತಾಯಿಯ ಜೊತೆ ತಮಿಳು, ಬೀದಿಯಲ್ಲಿ ಕನ್ನಡ, ಮಾಳಿಗೆಯ ಮೇಲೆ ತಂದೆಯ ಓದುವ ಕೋಣೆಯಲ್ಲಿ ಇಂಗ್ಲಿಷ್. ದಿನಕ್ಕೆ ಹತ್ತು ಸಲ ಮೆಟ್ಟಲು ಹತ್ತಿ ಇಳಿಯುವ ಹುಡುಗನಿಗೆ ಒಂದು ಭಾಷೆ ಇನ್ನೊಂದರ ವೈರಿ ಎಂದು ಅನ್ನಿಸಲೇ ಇಲ್ಲ. ಕನ್ನಡ ಅವರ ತಾಯಿನುಡಿ ಅಲ್ಲ ಎಂಬುದನ್ನು ನೆನಪಿಡಬೇಕು.

ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಓದಿ ಅವರು ಊರೂರು ತಿರುಗಿದರು. ಕೇರಳದ ಕೊಲ್ಲಂ, ತಮಿಳುನಾಡಿನ ಮಧುರೆ ಆದ ಮೇಲೆ 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಬಂದರು. ಆಗ ಬೆಳಗಾವಿ, ಧಾರವಾಡ ಎರಡೂ ಮುಂಬಯಿ ಪ್ರಾಂತದಲ್ಲಿ. ರಾಜ್ಯ ಒಂದಾದದ್ದು 1956ರ ನವೆಂಬರ್ 1ಕ್ಕೆ. ಮೈಸೂರಿನ ಕಿವಿಗೆ ನಮ್ಮ ಕಡೆಯ “ಹೌದಲ್ರೀ”, “ಬರ್ರಿ”, “ಏನಂತೀರಿ” ಹೊಸದು. ಮೈಸೂರಿನಿಂದ ಬಂದವರಿಗೆ ಅದೇ ಒಂದು ಪರದೇಶ!

ಅಂಥವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಕಾಲೇಜು, ರೂಮು, ಖಾನಾವಳಿ, ಆಮೇಲೆ ವರ್ಗಾವಣೆಯ ಅರ್ಜಿ. ರಾಮಾನುಜನ್ ಹಾಗೆ ಮಾಡಲಿಲ್ಲ. ಕ್ಲಾಸಿನಲ್ಲಿ ಇಂಗ್ಲಿಷ್ ಕಾವ್ಯ ಹೇಳಿ, ಹೊರಗೆ ಗಾದೆ, ಒಗಟು, ಅಜ್ಜಿಕಥೆ ಕೇಳುತ್ತ ಬರೆದುಕೊಂಡರು. ಆ ಕಾಲಕ್ಕೆ ವಿದ್ಯಾವಂತರ ಕಣ್ಣಿಗೆ ಅವು ಮುದುಕಿಯರ ಹರಟೆ. ಮಾಸ್ತರರು ಅದನ್ನೇ ಗಂಟು ಕಟ್ಟಿಕೊಂಡರು.

ಹೋದದ್ದು ಇಂಗ್ಲಿಷಿಂದ, ನಿಂತದ್ದು ಕನ್ನಡ, ತಮಿಳಿಂದ

ಭಾರತ ಮತ್ತು ಅಮೆರಿಕ ನಡುವೆ 1950ರ ಫೆಬ್ರುವರಿಯಲ್ಲಿ ಫುಲ್‌ಬ್ರೈಟ್ ಒಪ್ಪಂದವಾಯಿತು. ನಮ್ಮ ಅಧ್ಯಾಪಕರು ಅಲ್ಲಿಗೆ, ಅಲ್ಲಿಯವರು ಇಲ್ಲಿಗೆ ಹೋಗಿ ಬರಲು ಖರ್ಚು ಕೊಡುವ ಯೋಜನೆ. ಅದೇ ಯೋಜನೆಯಲ್ಲಿ 1959ರ ಜುಲೈ ತಿಂಗಳು, ಮೂವತ್ತರ ವಯಸ್ಸಿನಲ್ಲಿ, ರಾಮಾನುಜನ್ ಮುಂಬಯಿಯಿಂದ ಹಡಗು ಹತ್ತಿದರು. ಹೋದದ್ದು ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ, ಭಾಷಾಶಾಸ್ತ್ರ ಓದಲು.

ಹತ್ತು ವರ್ಷದ ಹತ್ತಿರ ಇಂಗ್ಲಿಷ್ ಕಲಿಸಿದ ಮನುಷ್ಯ ಅಮೆರಿಕದಲ್ಲಿ ಡಾಕ್ಟರೇಟಿಗೆ ಆರಿಸಿಕೊಂಡ ವಿಷಯ ಯಾವುದು? ಶೇಕ್ಸ್‌ಪಿಯರ್ ಅಲ್ಲ, ಮಿಲ್ಟನ್ ಅಲ್ಲ. ಕನ್ನಡ ವ್ಯಾಕರಣ! 1963ರಲ್ಲಿ ಪದವಿ ಬಂತು. ಅಷ್ಟರೊಳಗೆ ಚಿಕಾಗೋ ವಿಶ್ವವಿದ್ಯಾಲಯ ಅವರನ್ನು ಕರೆದುಕೊಂಡಿತ್ತು. ಅಲ್ಲಿ ಅವರು ಕಲಿಸಿದ್ದು ದ್ರಾವಿಡ ಭಾಷೆ ಮತ್ತು ಭಾಷಾಶಾಸ್ತ್ರ. ಇಂಗ್ಲಿಷ್ ಮಾತಾಡುವ ದೇಶಕ್ಕೆ ಇಂಗ್ಲಿಷ್ ಒಯ್ದವನನ್ನು ಯಾರು ಕೇಳುತ್ತಾರೆ? ಅಲ್ಲಿಯವರಿಗೆ ಬೇಕಾದದ್ದು ಅವರ ಹತ್ತಿರ ಇಲ್ಲದ್ದು. ಮಾಸ್ತರರ ಗಂಟಿನಲ್ಲಿ ಇದ್ದದ್ದೂ ಅದೇ.

ಚಿಕಾಗೋ ಮಿಶಿಗನ್ ಸರೋವರದ ದಂಡೆಯ ಊರು. ಚಳಿಗಾಲದಲ್ಲಿ ದಂಡೆಯ ನೀರು ಬರ್ಫವಾಗುತ್ತದೆ. ಆ ಚಳಿಯ ಊರಲ್ಲಿ ಕೂತು ಅವರು ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭುವಿನ ವಚನಗಳನ್ನು ಇಂಗ್ಲಿಷಿಗೆ ಇಳಿಸಿದರು. 1973ರಲ್ಲಿ ಪೆಂಗ್ವಿನ್ ಪ್ರಕಟಿಸಿದ ‘ಸ್ಪೀಕಿಂಗ್ ಆಫ್ ಶಿವ’ ಪುಸ್ತಕದಿಂದ ವಚನದ ಹೆಸರು ಜಗತ್ತಿನ ಕಾಲೇಜುಗಳಲ್ಲಿ ಓಡಾಡಿತು. ಅನಂತಮೂರ್ತಿಯವರ ‘ಸಂಸ್ಕಾರ’ 1976ರಲ್ಲಿ ಇಂಗ್ಲಿಷಿಗೆ ಹೋದದ್ದೂ ಅವರ ಕೈಯಿಂದಲೇ. ಅದೇ ವರ್ಷ ಪದ್ಮಶ್ರೀ. 1983ರಲ್ಲಿ ಅಮೆರಿಕದ ಮ್ಯಾಕಾರ್ಥರ್ ಫೆಲೋಶಿಪ್.

ಅಷ್ಟೇ ಅಲ್ಲ. ಅಮೆರಿಕದಲ್ಲಿ ಕೂತು ಅವರು ಕನ್ನಡದಲ್ಲೇ ಕವಿತೆ ಬರೆದರು. ‘ಹೊಕ್ಕುಳಲ್ಲಿ ಹೂವಿಲ್ಲ’ ಸಂಕಲನವನ್ನು 1969ರಲ್ಲಿ ಅಚ್ಚು ಹಾಕಿದ್ದು ಧಾರವಾಡದ ಮನೋಹರ ಗ್ರಂಥಮಾಲೆ. ವಿಳಾಸ ಚಿಕಾಗೋ, ಪುಸ್ತಕ ಸುಭಾಸ ರಸ್ತೆಯ ಅಟ್ಟದಿಂದ!

ಎಲ್ಲ ಸುಖವೇ?

ಹಾಗಂತ ಎಲ್ಲವೂ ಸುಖವಾಗಿತ್ತು ಎನ್ನುವ ಹಾಗಿಲ್ಲ. ಇಂಡಿಯನ್, ಅಮೆರಿಕನ್ ಎಂಬ ಎರಡು ಶಬ್ದಗಳ ನಡುವಿನ ಅಡ್ಡಗೀಟು ತಾನು ಎಂದು ಅವರೇ ಚೇಷ್ಟೆ ಮಾಡುತ್ತಿದ್ದರು. ನಗುವ ಮಾತು, ಆದರೆ ಒಳಗೆ ನೋವಿದೆ. ಗೀಟಿಗೆ ಅತ್ತಕಡೆಯೂ ಮನೆ ಇಲ್ಲ, ಇತ್ತಕಡೆಯೂ ಇಲ್ಲ. ಆಗಾಗ ಬಂದು ಹೋದರೇ ಹೊರತು ಇಲ್ಲಿಯೇ ನೆಲೆಸಲು ಮರಳಲಿಲ್ಲ. 1993ರ ಜುಲೈ 13ರಂದು ಚಿಕಾಗೋದಲ್ಲಿ, ಶಸ್ತ್ರಚಿಕಿತ್ಸೆಗೆಂದು ಅರಿವಳಿಕೆ ಕೊಟ್ಟಾಗ, ಅದು ಒಗ್ಗದೆ ತೀರಿಕೊಂಡರು. 64 ವರ್ಷ.

ಅವರ ಅನುವಾದಕ್ಕೂ ಟೀಕೆ ಬಂದವು. ವಚನಗಳನ್ನು ಇಂಗ್ಲಿಷ್ ಓದುಗರ ರುಚಿಗೆ ತಕ್ಕಂತೆ ತಿದ್ದಿದ್ದಾರೆ ಎಂಬ ವಾದವನ್ನು ವಿದ್ವಾಂಸೆ ತೇಜಸ್ವಿನಿ ನಿರಂಜನ 1992ರ ತಮ್ಮ ಪುಸ್ತಕದಲ್ಲಿ ಮಂಡಿಸಿದರು. ಕೆರೆಯ ನೀರು ಕೊಳವೆಯಲ್ಲಿ ಇಪ್ಪತ್ತು ಕಿಲೋಮೀಟರ್ ಹರಿದು ನಳಕ್ಕೆ ಬರುವ ಹೊತ್ತಿಗೆ ರುಚಿ ಬದಲಾಗುವುದು ಸಹಜ. ಅದು ಬರೇ ಬೈಯುವ ಮಾತಲ್ಲ, ತಿಳಿದಿರಬೇಕಾದ ಮಾತು.

ಹೋದವರೆಲ್ಲ ಅಲ್ಲೇ ಉಳಿಯಬೇಕೆಂದೂ ಇಲ್ಲ. ಹಳೇ ಧಾರವಾಡ ಜಿಲ್ಲೆಯ ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು ಇಂಗ್ಲಂಡಿನ ಲೀಡ್ಸ್‌ನಲ್ಲಿ ಓದಿ ಬಂದು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸಿದರು. ಅದೇ ಚಂಪಾ ‘ಸಂಕ್ರಮಣ’ ಪತ್ರಿಕೆ ನಡೆಸಿದರು, ಗೋಕಾಕ ಚಳವಳಿಯಲ್ಲಿ ಬೀದಿಗಿಳಿದು ಕನ್ನಡಕ್ಕಾಗಿ ಕೂಗಿದರು. ಇನ್ನೊಬ್ಬ ಇಂಗ್ಲಿಷ್ ಪ್ರಾಧ್ಯಾಪಕ ಶಾಂತಿನಾಥ ದೇಸಾಯಿಯವರ ‘ವಿಕ್ಷೇಪ’ ಕಾದಂಬರಿ 1971ರದು. ಹಳ್ಳಿಯ ಪರಿಸರದಿಂದ ತಪ್ಪಿಸಿಕೊಳ್ಳಲು ಇಂಗ್ಲಿಷ್ ಓದಿ ಮುಂಬಯಿಗೆ, ಅಲ್ಲಿಂದ ಇಂಗ್ಲಂಡಿಗೆ ಹೋಗುವ ಉತ್ತರ ಕರ್ನಾಟಕದ ಹುಡುಗನ ಕಥೆ ಅದು. ಊರು ಬಿಟ್ಟು ಓಡುವುದೂ, ಊರನ್ನು ಹೊತ್ತು ಹೋಗುವುದೂ ಒಂದೇ ಅಲ್ಲ.

ಹೇಳದ ಕಥೆಯ ಸೇಡು

ರಾಮಾನುಜನ್ ಸಂಗ್ರಹಿಸಿದ ಕನ್ನಡ ಕಥೆಗಳಲ್ಲಿ ಒಂದು ಹೀಗಿದೆ. ಒಬ್ಬಾಕಿ ಹೆಣ್ಣುಮಗಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಕೂತು ಬ್ಯಾಸರಾಗಿ, ಆಕಿ ಬಾಯಿ ತೆರೆದು ಮಲಗಿದಾಗ ಎರಡೂ ಹೊರಗೆ ಜಿಗಿದವು. ಕಥೆ ಜೋಡಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ಜೋತುಬಿತ್ತು. ಗಂಡ ಬಂದು, “ಯಾರ ಬಂದಾರ?” ಅಂದ. “ಯಾರೂ ಬಂದಿಲ್ರಿ,” ಅಂದಳು. ಜಗಳಾಯಿತು. ಗಂಡ ಸಿಟ್ಟಿನಿಂದ ಹನಮಪ್ಪನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಅವುಗಳ ಜ್ಯೋತಿ ಆ ಗುಡಿಯಲ್ಲಿ ಕೂಡಿ ಹರಟೆ ಹೊಡೆಯುವುದು ವಾಡಿಕೆ. ತಡವಾಗಿ ಬಂದ ಒಂದು ಜ್ಯೋತಿ ನಡೆದದ್ದೆಲ್ಲ ಹೇಳಿತು. ಗಂಡನ ಸಂಶಯ ಹೋಯಿತು. ಮನೆಗೆ ಬಂದು ಹೆಂಡತಿಗೆ ಕಥೆ, ಹಾಡಿನ ವಿಚಾರ ಕೇಳಿದ. ಆಕಿಗೆ ಎರಡೂ ಮರೆತು ಹೋಗಿದ್ದವು.

ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು 1987-88ರಲ್ಲಿ ಚಿಕಾಗೋ ವಿಶ್ವವಿದ್ಯಾಲಯಕ್ಕೆ ಸಂದರ್ಶಕ ಪ್ರಾಧ್ಯಾಪಕರಾಗಿ ಹೋದಾಗ ‘ನಾಗಮಂಡಲ’ ನಾಟಕ ಬರೆದರು. ಅದರ ಬೇರು ರಾಮಾನುಜನ್ ಬಾಯಿಂದ ಕೇಳಿದ ಜನಪದ ಕಥೆಗಳಲ್ಲಿದೆ. ಗುಡಿಯಲ್ಲಿ ಕೂಡುವ ಆ ದೀಪದ ಜ್ಯೋತಿಗಳೂ ಅದರಲ್ಲಿ ಬರುತ್ತವೆ. 1997ರಲ್ಲಿ ನಾಗಾಭರಣ ಅದನ್ನು ಸಿನಿಮಾ ಮಾಡಿದರು. ಆಗ ನಮ್ಮ ಜನ ತಮ್ಮ ಕಡೆಯ ಮಾತನ್ನೇ ತೆರೆಯ ಮೇಲೆ ಕೇಳಿ ಚಪ್ಪಾಳೆ ತಟ್ಟಿದರು. ಅಜ್ಜಿಯ ಬಾಯಿಂದ ಹೊರಟ ಕಥೆ ಸಮುದ್ರ ದಾಟಿ, ಸುತ್ತು ಹಾಕಿ ಮತ್ತೆ ಊರಿಗೇ ಬಂತು!

ಈಗಿನ ಪ್ರಶ್ನೆ ಬೇರೆ. ಕಲಘಟಗಿ ತೊಟ್ಟಿಲಿಗೆ ಈಗಲೂ ಹೆಸರಿದೆ. ಆ ತೊಟ್ಟಿಲು ತೂಗುತ್ತ ಹೇಳುವ ಕಥೆ ಎಷ್ಟು ಮನೆಯಲ್ಲಿ ಉಳಿದಿದೆ? ಅಜ್ಜಿ ಬಾಯಿ ತೆರೆಯುವ ಮೊದಲೇ ಮೊಮ್ಮಗನ ಕೈಯಲ್ಲಿ ಮೊಬೈಲು. “ನಿಮ್ಮ ಹಳ್ಳಿ ಮಾತು ಮಗನ ಮುಂದ ಆಡಬ್ಯಾಡ್ರಿ, ಇಂಗ್ಲಿಷ್ ಕೆಡತೈತಿ,” ಎಂದು ಅತ್ತೆಗೇ ತಾಕೀತು ಮಾಡುವ ಸೊಸೆಯಂದಿರಿದ್ದಾರೆ. ಅವರ ಮಗ ನಾಳೆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮಾಸ್ತರನೇ ಆಗಲಿ, ಬೇಡ ಅನ್ನುವವರು ಯಾರು? ಆದರೆ ಅಲ್ಲಿ ಒಬ್ಬರು, “ನಿಮ್ಮೂರಿನ ಕಥಿ ಒಂದು ಹೇಳ್ರಿ,” ಎಂದು ಕೇಳಿದರೆ ಏನು ಹೇಳುತ್ತಾನೆ?

ದುಮ್ಮವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹುಬ್ಬಳ್ಳಿಯ ನಳ ಎಷ್ಟೇ ದೊಡ್ಡದಿರಲಿ, ಕೆರೆಯಲ್ಲಿ ಇದ್ದರೆ ತಾನೆ ಕೊಡಕ್ಕೆ ಬರುವುದು?