ಸಾಯುವಾಗ ಆಡಿದ ಮಾತು

ದೀಪಾವಳಿಗೆ ಬಂದ ಮಗಳು ಬಟ್ಟೆಯ ಚೀಲದ ಜೊತೆ ಒಂದು ಇಂಗ್ಲಿಷ್ ಧಾರಾವಾಹಿಯನ್ನೂ ಹೊತ್ತು ತಂದಿದ್ದಳು. “ರಾಜ ರಾಣಿ ಕಥೆ ಅಮ್ಮಾ, ನಿನಗೆ ಹಿಡಿಸುತ್ತೆ, ಬಾ ಕೂತ್ಕೋ” ಅಂತ ಕರೆದಳು. ನನಗೋ ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು, ಚಕ್ಕುಲಿ ಅರ್ಧ ಒತ್ತಾಗಿತ್ತು. “ಆ ಇಂಗ್ಲಿಷು ನನಗೆಲ್ಲಿ ಅರ್ಥವಾಗಬೇಕು, ಹೋಗೇ” ಅಂದೆ. ಆದರೂ ಅಡುಗೆಮನೆ ಬಾಗಿಲಿನಿಂದ ಒಂದು ಕಣ್ಣು ಅತ್ತ ಹಾಕಿದೆ. ಹಾಕಿದ ಕಣ್ಣು ತೆಗೆಯಲಾಗಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಕೆಳಗೆ ಬರುವ ಅಕ್ಷರಗಳನ್ನು ಕೂಡಿಸಿಕೊಂಡು ಓದುತ್ತಾ, ತಿಳಿಯದ ಕಡೆ ಮಗಳ ತಲೆ ತಿನ್ನುತ್ತಾ, ಎರಡು ಭಾಗಗಳ 18 ಕಂತುಗಳನ್ನು ನೋಡಿ ಮುಗಿಸಿದೆ!

ಇದರ ಹೆಸರು ‘ಹೌಸ್ ಆಫ್ ದಿ ಡ್ರ್ಯಾಗನ್’. ಎಚ್‌ಬಿಒ ಸಂಸ್ಥೆಯವರದು. ಜಾರ್ಜ್ ಆರ್. ಆರ್. ಮಾರ್ಟಿನ್ ಎಂಬ ಅಮೆರಿಕದ ಲೇಖಕರು 2018ರಲ್ಲಿ ಪ್ರಕಟಿಸಿದ ‘ಫೈರ್ ಅಂಡ್ ಬ್ಲಡ್’ ಪುಸ್ತಕ ಇದಕ್ಕೆ ಆಧಾರ. ಮೊದಲ ಭಾಗದ 10 ಕಂತುಗಳು 2022ರಲ್ಲಿ, ಎರಡನೆಯ ಭಾಗದ 8 ಕಂತುಗಳು 2024ರಲ್ಲಿ ಬಂದವು. ಬೆಂಕಿಯುಗುಳುವ ರೆಕ್ಕೆಯ ಪ್ರಾಣಿಗಳ ಮೇಲೆ ಸವಾರಿ ಮಾಡುವ ಒಂದು ರಾಜವಂಶದ ಕಥೆ ಇದು. ನಡುನಡುವೆ ರಕ್ತಪಾತವೂ ಉಂಟು, ಮಲಗುವ ಮನೆಯ ದೃಶ್ಯಗಳೂ ಉಂಟು. ಮಕ್ಕಳ ಎದುರಿಗೋ ಅತ್ತೆ ಮಾವನವರ ಎದುರಿಗೋ ನೋಡುವಂಥದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆಯವರು ಹಾದು ಹೋದಾಗಲೆಲ್ಲ ನಾನು ರಿಮೋಟ್ ಹುಡುಕುತ್ತಿದ್ದೆ!

ಹಾಗಿದ್ದ ಮೇಲೆ ನಮ್ಮಂಥವರಿಗೆ ಅದರಲ್ಲೇನಿದೆ ಎನ್ನುತ್ತೀರಾ? ಇದೆ ಸೋದರಿಯರೇ. ರೆಕ್ಕೆಯ ಪ್ರಾಣಿಗಳನ್ನು ಪಕ್ಕಕ್ಕಿಟ್ಟರೆ ಉಳಿಯುವುದು ಒಂದು ಮನೆಯ ಜಗಳ. ಮಗಳಿಗೋ ಮಗನಿಗೋ, ಹಿರಿಯ ಹೆಂಡತಿಯ ಮಗುವಿಗೋ ಕಿರಿಯ ಹೆಂಡತಿಯ ಮಗುವಿಗೋ? ಇದನ್ನು ನಾವು ಕಂಡಿಲ್ಲವೇ?

ತಾಯಿಯ ಉಡುಪು ತೊಟ್ಟ ಹುಡುಗಿ

ದೊರೆ ವಿಸೆರಿಸನಿಗೆ ಒಬ್ಬಳೇ ಮಗಳು, ರೆನೀರಾ. ಗಂಡು ಬೇಕೆಂಬ ಹಂಬಲ. ರಾಣಿಗೆ ಹೆರಿಗೆ ಕಷ್ಟವಾದಾಗ ತಾಯಿಯ ಹೊಟ್ಟೆ ಕೊಯ್ದು ಮಗುವನ್ನು ಉಳಿಸಬಹುದು ಎನ್ನುತ್ತಾರೆ ವೈದ್ಯರು. ದೊರೆ ಹೂಂ ಅನ್ನುತ್ತಾನೆ. ರಾಣಿಯನ್ನು ಮಾತ್ರ ಯಾರೂ ಒಂದು ಮಾತು ಕೇಳುವುದಿಲ್ಲ! ತಾಯಿ ಸತ್ತಳು, ಅದೇ ದಿನ ಕೂಸೂ ಹೋಯಿತು. ಆ ಪಶ್ಚಾತ್ತಾಪದಲ್ಲಿಯೇ ಆತ ಮಗಳನ್ನು ಉತ್ತರಾಧಿಕಾರಿ ಎಂದು ಸಾರಿ, ಸಾಮಂತರೆಲ್ಲರಿಂದ ಪ್ರಮಾಣ ಮಾಡಿಸಿದ.

ರೆನೀರಾಳ ಜೀವದ ಗೆಳತಿ ಅಲಿಸೆಂಟ್. ಮರದ ಕೆಳಗೆ ಒಬ್ಬಳ ತೊಡೆಯ ಮೇಲೆ ಇನ್ನೊಬ್ಬಳು ತಲೆಯಿಟ್ಟು ಪುಸ್ತಕ ಓದಿಸಿಕೊಳ್ಳುವಷ್ಟು ಸಲಿಗೆ. ಅಲಿಸೆಂಟಳ ಅಪ್ಪ ಓಟ್ಟೊ ಹೈಟವರ್, ದೊರೆಯ ಮಂತ್ರಿ. ರಾಣಿ ಸತ್ತ ದುಃಖದಲ್ಲಿರುವ ದೊರೆಯ ಕೋಣೆಗೆ ಹೋಗಿ ಸಮಾಧಾನ ಹೇಳು ಎಂದು ಮಗಳನ್ನು ಕಳಿಸುತ್ತಾನೆ. ಹೋಗುವಾಗ ತೀರಿಕೊಂಡ ನಿನ್ನ ತಾಯಿಯ ಉಡುಪು ತೊಟ್ಟುಕೋ ಎಂಬ ಸೂಚನೆ ಬೇರೆ! ಆ ಹುಡುಗಿ ಆತಂಕಕ್ಕೆ ಬೆರಳ ತುದಿಯ ಚರ್ಮವನ್ನು ಕಿತ್ತುಕೊಳ್ಳುತ್ತಾಳೆ. ನನಗೆ ಹೊಟ್ಟೆ ಕಿವುಚಿದಂತಾಯಿತು. ಆರು ತಿಂಗಳು ಕಳೆಯುವಷ್ಟರಲ್ಲಿ ದೊರೆ ತುಂಬಿದ ಸಭೆಯಲ್ಲಿ, ನಾನು ಅಲಿಸೆಂಟಳನ್ನು ಮದುವೆಯಾಗುತ್ತೇನೆ ಎನ್ನುತ್ತಾನೆ. ಗೆಳತಿಯೇ ಮಲತಾಯಿ! ಸ್ವಂತ ಮಗಳಿಗೆ ಮೊದಲೇ ಕರೆದು ಹೇಳುವಷ್ಟು ದೈರ್ಯ ಆ ದೊರೆಗಿರಲಿಲ್ಲ. ರೆನೀರಾ ಎದ್ದು ಹೊರಟುಹೋಗುತ್ತಾಳೆ.

ಒಂದು ವಿಷಯ ಹೇಳಬೇಕು. ಮೂಲ ಪುಸ್ತಕದಲ್ಲಿ ಅಲಿಸೆಂಟ್ ರೆನೀರಾಳಿಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಇಬ್ಬರನ್ನೂ ಓರಗೆಯ ಗೆಳತಿಯರನ್ನಾಗಿ ಮಾಡಿದ್ದು ಧಾರಾವಾಹಿಯವರು. ಒಳ್ಳೆಯ ಕೆಲಸ ಮಾಡಿದರು. ಮಲತಾಯಿ ಎಂದರೆ ಕೆಟ್ಟವಳು ಎಂಬ ಹಳೇ ಲೆಕ್ಕವನ್ನು ಅಳಿಸಿಬಿಟ್ಟರು.

ಹಸಿರು ಉಡುಪಿನ ದಿನ

ಅಲಿಸೆಂಟಳಿಗೆ ಗಂಡುಮಗು ಏಗಾನ್ ಹುಟ್ಟಿದ. ಅಲ್ಲಿಂದ ಶುರುವಾಯಿತು ಗುಸುಗುಸು. ಗಂಡಿರುವಾಗ ಹೆಣ್ಣಿಗೇಕೆ ಪಟ್ಟ? ಆದರೂ ಅಲಿಸೆಂಟ್ ಬಹಳ ದಿನ ಗೆಳತಿಯ ಪರವಾಗಿಯೇ ಇದ್ದಳು ಎಂಬುದನ್ನು ಮರೆಯಬಾರದು. ರೆನೀರಾ ಚಿಕ್ಕಪ್ಪ ಡೇಮನ್ ಜೊತೆ ರಾತ್ರಿ ಸೂಳೆಗೇರಿಯಲ್ಲಿದ್ದಳು ಎಂಬ ಸುದ್ದಿಯನ್ನು ಓಟ್ಟೊ ದೊರೆಯ ಕಿವಿಗೆ ಹಾಕಿದಾಗ, ರೆನೀರಾ ಸತ್ತ ತಾಯಿಯ ಹೆಸರಿನಲ್ಲಿ ಆಣೆ ಇಟ್ಟು ಇಲ್ಲ ಅಂದಳು. ಅಲಿಸೆಂಟ್ ಅದನ್ನು ನಂಬಿ ಅವಳ ಪರ ವಾದಿಸಿದಳು. ಓಟ್ಟೊ ಮಂತ್ರಿಪದವಿ ಕಳೆದುಕೊಂಡ.

ಹೊರಡುವಾಗ ಅವನು ಮಗಳ ಕಿವಿಯಲ್ಲಿ ಒಂದು ವಿಷದ ಹನಿ ಬಿಟ್ಟುಹೋದ. ರೆನೀರಾ ಪಟ್ಟಕ್ಕೆ ಬಂದರೆ ಅದನ್ನು ಉಳಿಸಿಕೊಳ್ಳಲು ನಿನ್ನ ಮಕ್ಕಳನ್ನು ಕೊಲ್ಲಲೇಬೇಕಾಗುತ್ತದೆ ಎಂಬ ಅರ್ಥದ ಮಾತು. ತಾಯಿಯಾದವಳಿಗೆ ಇದಕ್ಕಿಂತ ದೊಡ್ಡ ಭಯ ಯಾವುದಿದೆ? ಅದರ ಬೆನ್ನಿಗೇ ಲಾರಿಸ್ ಸ್ಟ್ರಾಂಗ್ ಎಂಬ ಮೆತ್ತಗಿನ ಮಾತಿನ ಮನುಷ್ಯ, ಆ ರಾತ್ರಿಯ ನಂತರ ರೆನೀರಾಳಿಗೆ ಗರ್ಭ ನಿಲ್ಲದಂತೆ ಕಷಾಯ ಹೋಯಿತಂತೆ ಎಂದು ಬಾಯಿಬಿಡುತ್ತಾನೆ. ಅಲಿಸೆಂಟ್ ಕರೆದು ಕೇಳಿದಾಗ ಕಾವಲು ವೀರ ಕ್ರಿಸ್ಟನ್ ಕೋಲ್, ತಪ್ಪು ಮಾಡಿದವನು ನಾನು ಎಂದು ಒಪ್ಪಿಕೊಳ್ಳುತ್ತಾನೆ. ಆಣೆಯಿಟ್ಟ ಗೆಳತಿ ನಿಜ ಮುಚ್ಚಿಟ್ಟಿದ್ದಳು! ಅದಕ್ಕಾಗಿ ತನ್ನ ಅಪ್ಪ ಪದವಿ ಕಳೆದುಕೊಂಡ!

ರೆನೀರಾಳ ಮದುವೆಯ ಔತಣಕ್ಕೆ ಅಲಿಸೆಂಟ್ ತಡವಾಗಿ, ದೊರೆ ಮಾತನಾಡುತ್ತಿರುವಾಗಲೇ, ಕಡು ಹಸಿರು ಉಡುಪು ತೊಟ್ಟು ಬರುತ್ತಾಳೆ. ಅವಳ ತೌರಿನವರು ಯುದ್ಧಕ್ಕೆ ಕರೆ ಕೊಡುವಾಗ ಗೋಪುರದ ಮೇಲೆ ಹೊತ್ತಿಸುವ ಬೆಂಕಿಯ ಬಣ್ಣ ಅದು. ಬಾಯಲ್ಲಿ ಒಂದು ಕೆಟ್ಟ ಮಾತಿಲ್ಲ, ಆದರೆ ಬಟ್ಟೆಯೇ ಎಲ್ಲವನ್ನೂ ಹೇಳಿಬಿಟ್ಟಿತು. ನಮ್ಮಲ್ಲಿಯೂ ನಾದಿನಿ ಕೊಟ್ಟ ಸೀರೆಯನ್ನು ಉಡದೆ ಮದುವೆಮನೆಗೆ ಹೋಗಿ ಸಿಟ್ಟು ತೋರಿಸುವುದಿಲ್ಲವೇ?

ಲಾರಿಸನ ಇನ್ನೊಂದು ಕೆಲಸ ಕೇಳಿ. ಅಲಿಸೆಂಟ್ ಒಂದು ಸಲ ಬೇಸರದಿಂದ, ನನ್ನ ಪರವಾಗಿ ಮಾತಾಡುವವರು ಇಲ್ಲಿ ಯಾರೂ ಇಲ್ಲ, ಅಪ್ಪ ಇದ್ದಿದ್ದರೆ ಎಂದು ಗೋಳಾಡಿದಳು, ಅಷ್ಟೆ. ಆಗ ಮಂತ್ರಿಯಾಗಿದ್ದವನು ಲಾರಿಸನ ತಂದೆಯೇ. ಆ ತಂದೆಯನ್ನೂ ಒಡಹುಟ್ಟಿದ ಅಣ್ಣನನ್ನೂ ಬೆಂಕಿಯಲ್ಲಿ ಸುಡಿಸಿ ಬಂದು, ನೀವು ಬಯಸಿದ್ದು ಆಯಿತು ಎಂದು ನಿಂತ! ಅವಳು ನಡುಗಿದಳು, ಆದರೆ ಯಾರಿಗೂ ಹೇಳಲಿಲ್ಲ. ಅಲ್ಲಿಂದ ಅವಳೂ ಪಾಲುದಾರಳೇ. ನಮ್ಮ ಸಂಕಟವನ್ನು ಯಾರ ಮುಂದೆ ಹೇಳಿಕೊಳ್ಳುತ್ತೇವೆ ಎಂಬುದರ ಮೇಲೂ ಎಚ್ಚರ ಬೇಕು.

ಒಂದು ಹೆಸರು, ಎರಡು ಅರ್ಥ

ಇಷ್ಟಕ್ಕೆಲ್ಲ ಯಾರು ಕಾರಣ ಎಂದರೆ ನಾನು ದೊರೆಯನ್ನೇ ಬೈಯುತ್ತೇನೆ. ಕೆಟ್ಟವನಲ್ಲ ಪಾಪ, ಮೃದು ಮನುಷ್ಯ. ಆದರೆ ಜಗಳ ಕಂಡರೆ ಆಗದು. ಮಗಳು ನನ್ನ ವಾರಸುದಾರಳು ಎಂದ, ಗಂಡುಮಕ್ಕಳನ್ನೂ ಹುಟ್ಟಿಸಿದ, ಎರಡನ್ನೂ ಜೋಡಿಸುವ ಕೆಲಸ ಮಾತ್ರ ಮಾಡಲಿಲ್ಲ. ಮಕ್ಕಳ ಮಕ್ಕಳು ಹೊಡೆದಾಡಿ, ಅಲಿಸೆಂಟಳ ಎರಡನೆಯ ಮಗ ಏಮಂಡ್ ಒಂದು ಕಣ್ಣು ಕಳೆದುಕೊಂಡಾಗಲೂ, ರಾಜಿಯಾಗಿ ಎಂದು ಗದರಿಸಿ ಸುಮ್ಮನಾದ.

ಎಂಟನೆಯ ಕಂತಿನಲ್ಲಿ ದೊರೆ ರೋಗದಿಂದ ಅರ್ಧ ಮುಖವೇ ಕೊಳೆತುಹೋದ ಸ್ಥಿತಿಯಲ್ಲಿ ಎಲ್ಲರನ್ನೂ ಒಂದು ಊಟಕ್ಕೆ ಕೂರಿಸುತ್ತಾನೆ. ನನ್ನ ಸಲುವಾಗಿಯಾದರೂ ಒಂದಾಗಿ ಎಂದು ಬೇಡುತ್ತಾನೆ. ರೆನೀರಾ ಎದ್ದು ಅಲಿಸೆಂಟಳ ಸೇವೆಯನ್ನು ಹೊಗಳುತ್ತಾಳೆ. ಅಲಿಸೆಂಟ್, ನೀನು ಒಳ್ಳೆಯ ರಾಣಿಯಾಗುತ್ತೀಯ ಎಂದು ಹರಸುತ್ತಾಳೆ. ಇಬ್ಬರ ಕಣ್ಣಲ್ಲೂ ನೀರು. ನನ್ನ ಕಣ್ಣಲ್ಲೂ ಕೂಡ. ಇನ್ನೇನು ಎಲ್ಲಾ ಸರಿಹೋಯಿತು ಅಂದುಕೊಂಡೆ.

ಅದೇ ರಾತ್ರಿ ಮದ್ದಿನ ಮತ್ತಿನಲ್ಲಿದ್ದ ದೊರೆ, ಪಕ್ಕದಲ್ಲಿರುವವಳು ಮಗಳು ಎಂದು ತಿಳಿದು ಹೆಂಡತಿಯ ಕೈ ಹಿಡಿದು ತೊದಲುತ್ತಾನೆ. ಅವನು ಹೇಳುತ್ತಿದ್ದುದು ನೂರಕ್ಕೂ ಹೆಚ್ಚು ವರ್ಷ ಹಿಂದೆ ರಾಜ್ಯ ಕಟ್ಟಿದ ಮೂಲಪುರುಷ ಏಗಾನನ ಕನಸಿನ ವಿಷಯ. ಆ ಗುಟ್ಟು ತಂದೆಗೂ ಮಗಳಿಗೂ ಮಾತ್ರ ಗೊತ್ತು. ಅಲಿಸೆಂಟಳ ಕಿವಿಗೆ ಬಿದ್ದದ್ದು ಏಗಾನ್ ಎಂಬ ಹೆಸರು. ಅದು ಅವಳ ಮಗನ ಹೆಸರೂ ಹೌದು. ಗಂಡ ಕೊನೆಗಳಿಗೆಯಲ್ಲಿ ಮನಸ್ಸು ಬದಲಾಯಿಸಿ ನಮ್ಮ ಮಗನಿಗೆ ಪಟ್ಟ ಎಂದ, ಹಾಗೆ ಅವಳು ತಿಳಿದಳು.

ಅವಳು ಸುಳ್ಳಿ ಅಲ್ಲ. ನಿಜವಾಗಿಯೂ ಹಾಗೇ ಕೇಳಿಸಿಕೊಂಡಳು. ಇಪ್ಪತ್ತು ವರ್ಷ ಒಳಗೊಳಗೇ ಬಯಸಿದ್ದು ಕಿವಿಗೆ ಬಿದ್ದರೆ, ಮತ್ತೊಂದು ಸಲ ಹೇಳಿ ಎಂದು ಯಾರು ತಾನೇ ಕೇಳುತ್ತಾರೆ?

ಇಲ್ಲಿಯೇ ಇನ್ನೊಂದು ವ್ಯಂಗ್ಯ ನೋಡಿ. ಬೆಳಿಗ್ಗೆ ಸಭೆಯಲ್ಲಿ ಅವಳು ದೊರೆಯ ಕೊನೆಯಾಸೆ ಹೇಳಿದರೆ, ಅಪ್ಪನೂ ಇತರರೂ ಏಗಾನನ ಪಟ್ಟಾಭಿಷೇಕಕ್ಕೆ ಆಗಲೇ ಎಲ್ಲಾ ಸಿದ್ಧತೆ ಮಾಡಿಟ್ಟಿದ್ದಾರೆ! ರಾಣಿಗೆ ಮಾತ್ರ ಗೊತ್ತಿಲ್ಲ. ಅವರಿಗೆ ಅವಳ ಮಾತೂ ಬೇಕಿರಲಿಲ್ಲ, ದೊರೆಯ ಮಾತೂ ಬೇಕಿರಲಿಲ್ಲ. ಮುಂದಿನದು ನಿಮಗೇ ಊಹೆಯಾಗುತ್ತದೆ. ಪಟ್ಟ ಕಟ್ಟಿದ್ದಾಯಿತು. ಒಕ್ಕಣ್ಣ ಏಮಂಡ್ ಬರೀ ಹೆದರಿಸಲು ಹೋಗಿ, ಅವನ ಸವಾರಿಯ ಪ್ರಾಣಿ ಹತೋಟಿ ತಪ್ಪಿ, ರೆನೀರಾಳ ಮಗ ಲೂಸೆರಿಸನನ್ನು ಆಕಾಶದಲ್ಲೇ ಕಚ್ಚಿ ಕೊಂದಿತು. ಎರಡನೆಯ ಭಾಗದಲ್ಲಿ ರೆನೀರಾ ವೇಷ ಮರೆಸಿಕೊಂಡು ಬಂದು, ದೀಪ ಹಚ್ಚುತ್ತಿದ್ದ ಅಲಿಸೆಂಟಳನ್ನು ಪೂಜಾಸ್ಥಳದಲ್ಲಿ ಎದುರಿಸುತ್ತಾಳೆ. ಅಪ್ಪ ಹೇಳಿದ್ದೇನು ಎಂದು ಕೇಳುತ್ತಾಳೆ. ಆಗ ಅಲಿಸೆಂಟಳಿಗೆ ತನ್ನ ತಪ್ಪು ತಿಳಿಯುತ್ತದೆ. ಮುಖದ ಬಣ್ಣವೇ ಇಳಿಯುತ್ತದೆ. ಆದರೆ ಕಾಲ ಮೀರಿತ್ತು, ಸೈನ್ಯ ಹೊರಟಾಗಿತ್ತು.

ಇದು ಬರೀ ಕಟ್ಟುಕಥೆಯೇ?

ಅಲ್ಲ. ಲೇಖಕರು ಇಂಗ್ಲೆಂಡಿನ ಚರಿತ್ರೆಯಿಂದಲೇ ಇದರ ಬೀಜ ತೆಗೆದುಕೊಂಡವರು. ಅಲ್ಲಿನ ದೊರೆ ಒಂದನೇ ಹೆನ್ರಿಯ ಮಗ 1120ರಲ್ಲಿ ಹಡಗು ಮುಳುಗಿ ಸತ್ತ. ದೊರೆ ಮಗಳು ಮಟಿಲ್ಡಾಳನ್ನು ಉತ್ತರಾಧಿಕಾರಿ ಎಂದು ಮಾಡಿ 1127ರಲ್ಲಿ ಪ್ರಮುಖರಿಂದ ಪ್ರಮಾಣ ಮಾಡಿಸಿದ. 1135ರಲ್ಲಿ ಅವನು ಸಾಯುತ್ತಲೇ ಪ್ರಮಾಣ ಮಾಡಿದವರಲ್ಲೇ ಒಬ್ಬನಾದ ಸೋದರಿಯ ಮಗ ಸ್ಟೀಫನ್ ಓಡಿಬಂದು ಕಿರೀಟ ಧರಿಸಿದ. ಅದಕ್ಕೆ ಕೊಟ್ಟ ಸಮರ್ಥನೆ ಏನು ಗೊತ್ತೇ? ದೊರೆ ಸಾಯುವಾಗ ಮನಸ್ಸು ಬದಲಾಯಿಸಿದ್ದ ಎಂದು ಒಬ್ಬ ಸಾಮಂತ ಆಣೆ ಮಾಡಿ ಹೇಳಿದ! ವರ್ಷಗಟ್ಟಲೆ ಯುದ್ಧ ನಡೆದು, 1153ರಲ್ಲಿ ಒಪ್ಪಂದವಾಗಿ, 1154ರಲ್ಲಿ ಮಟಿಲ್ಡಾಳ ಮಗ ದೊರೆಯಾದ. ಮಟಿಲ್ಡಾಳಿಗೆ ಮಾತ್ರ ಕಿರೀಟ ಬರಲೇ ಇಲ್ಲ.

ನಮ್ಮ ಮನೆಯ ಅವಲಕ್ಕಿ ಸರ

ಈಗ ನನ್ನ ಮಾತು. ನಾಲ್ಕು ವರ್ಷದ ಹಿಂದೆ ನಮ್ಮ ತಂದೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಕೊನೆಯ ರಾತ್ರಿ ನಾನೂ ನಮ್ಮಕ್ಕನೂ ಮಂಚದ ಎರಡು ಪಕ್ಕ ಕೂತಿದ್ದೆವು. ಅವರು ಕಣ್ಣು ಮುಚ್ಚಿಕೊಂಡೇ “ಅವಳಿಗೆ ಕೊಡಿ” ಅಂದರು. ಅಷ್ಟೇ. ಅಮ್ಮನ ಅವಲಕ್ಕಿ ಸರ ಆಗ ಅಣ್ಣನ ಹತ್ತಿರ ಇತ್ತು. ಹತ್ತು ತಿಂಗಳು ಗಂಜಿ ಕುಡಿಸಿ ನೋಡಿಕೊಂಡವಳು ನಾನು, ಹಾಗಾಗಿ ‘ಅವಳು’ ಅಂದರೆ ನಾನೇ ಅಂತ ನನ್ನ ಲೆಕ್ಕ. ಮೊಮ್ಮಗಳ ಮದುವೆಗೆ ಅಂತ ಅಮ್ಮ ಯಾವತ್ತೋ ಆಡಿದ್ದರು, ಹಾಗಾಗಿ ತಾನೇ ಅಂತ ಅಕ್ಕನ ಲೆಕ್ಕ. ಹದಿಮೂರನೇ ದಿನ ಮಾತಿಗೆ ಮಾತು ಬೆಳೆಯಿತು. ಅಲ್ಲಿಂದ ಮದುವೆ ಮುಂಜಿಯಲ್ಲಿ ಸಿಕ್ಕರೆ “ಊಟ ಆಯ್ತಾ” ಅನ್ನುವಷ್ಟೇ ನಂಟು. ಗೌರಿಹಬ್ಬಕ್ಕೆ ಅವಳು ಬರಲಿಲ್ಲ, ನಾನು ಹೋಗಲಿಲ್ಲ.

ಅಲಿಸೆಂಟಳ ಮುಖದ ಬಣ್ಣ ಇಳಿದ ಆ ದೃಶ್ಯ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಆಸ್ಪತ್ರೆಯ ಕೋಣೆಯನ್ನೇ ಮತ್ತೆ ಮತ್ತೆ ನೆನೆಸಿಕೊಂಡೆ. ಆಗ ಹೊಳೆಯಿತು. ಅಪ್ಪ ಆ ಮಾತು ಆಡುವ ಸ್ವಲ್ಪ ಮುಂಚೆ ಆಯಾ ಬಂದು ಹಾಸಿಗೆ ಬಟ್ಟೆ ಬದಲಾಯಿಸಿ ಹೋಗಿದ್ದಳು. ದಿನಾ ಅವಳಿಗೆ ಇಪ್ಪತ್ತು ರೂಪಾಯಿ ಕೊಡಿಸುವುದು ಅಪ್ಪನ ರೂಢಿ!

ಬೆಳಿಗ್ಗೆ ಕಾಫಿ ಕುಡಿದವಳೇ ಅಕ್ಕನಿಗೆ ಫೋನು ಮಾಡಿದೆ. ಬೇರೇನೂ ಪೀಠಿಕೆಯಿಲ್ಲದೆ ಅದನ್ನೇ ಹೇಳಿದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ “ಹೌದಲ್ಲೇ... ಅವತ್ತು ಅವಳಿಗೆ ದುಡ್ಡು ಕೊಟ್ವಾ ನಾವು?” ಅಂದಳು. ಕೊಟ್ಟಿರಲಿಲ್ಲ. ಇಬ್ಬರೂ ಸರದ ಯೋಚನೆಯಲ್ಲಿದ್ದೆವು.

ಅಪ್ಪ ಹೇಳಿದ್ದು ಇದೇ ಎಂದು ನಾನು ಪ್ರಮಾಣ ಮಾಡುವುದಿಲ್ಲ. ಸರ ಇನ್ನೂ ಅಣ್ಣನ ಲಾಕರಿನಲ್ಲೇ ಇದೆ. ಆದರೆ ಸಂಕ್ರಾಂತಿಗೆ ಅಕ್ಕ ಎಳ್ಳು ಬೀರಲು ಬಂದಿದ್ದಳು. ಅಡುಗೆಮನೆಯಲ್ಲಿ ಕೂತು ಮಧ್ಯಾಹ್ನವಿಡೀ ಹರಟಿದೆವು.

ಸೋದರಿಯರೇ, ಎರಡು ಮಾತು ಹೇಳಿ ಮುಗಿಸುತ್ತೇನೆ. ಮನೆಯ ಹಿರಿಯರು ನೆಟ್ಟಗಿರುವಾಗಲೇ, ಯಾರಿಗೆ ಏನು ಎಂಬುದನ್ನು ಬರೆದಿಡಲು ಹೇಳಿ. ಉಯಿಲು ಎಂದರೆ ದೊಡ್ಡ ಕಾಗದವೇನೂ ಬೇಕಿಲ್ಲ. ಬರೆದು, ಸಹಿ ಮಾಡಿ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. 2005ರ ತಿದ್ದುಪಡಿಯ ಮೇಲೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕಿದೆ, ಅದನ್ನೂ ತಿಳಿದುಕೊಳ್ಳಿ.

ಎರಡನೆಯದು, ಕೇಳಿದ ಮಾತು ನಮಗೆ ಬಹಳ ಸಿಹಿಯಾಗಿದ್ದರೆ, ಅಥವಾ ಬಹಳ ಕಹಿಯಾಗಿದ್ದರೆ, “ಏನಂದ್ರಿ?” ಎಂದು ಇನ್ನೊಂದು ಸಲ ಕೇಳಿಬಿಡಿ. ಹೇಳುವವರು ಇರುವಾಗಲೇ ಕೇಳಿಬಿಡಿ.