‘ಹಾಗೇ ನಿಲ್ಲಿ!’ ಎಂದವರು ಯಾರು?

ಅರಳಸುರಳಿ ಕಡೆಯ ಹಳೆಯ ಮನೆಗಳಲ್ಲಿ ಜಗಲಿಯ ಗೋಡೆ ನೋಡಿ. ಕಟ್ಟು ಹಾಕಿಸಿದ ಕಪ್ಪು-ಬಿಳುಪು ಫೋಟೋ ಒಂದಾದರೂ ಇರುತ್ತದೆ. ಅಜ್ಜ ಕುರ್ಚಿಯಲ್ಲಿ ನೆಟ್ಟಗೆ ಕೂತಿರುತ್ತಾರೆ. ಅಜ್ಜಿ ಕುರ್ಚಿಯ ಬೆನ್ನಿಗೆ ಕೈಯಿಟ್ಟು ಪಕ್ಕದಲ್ಲಿ ನಿಂತಿರುತ್ತಾರೆ. ಇಬ್ಬರ ಮುಖದಲ್ಲೂ ನಗುವಿಲ್ಲ. ಹಾಗಂತ ಅವರು ನಗುತ್ತಲೇ ಇರಲಿಲ್ಲವೆಂದಲ್ಲ. ಅಡಿಕೆ ಸುಲಿತದ ರಾತ್ರಿಗಳಲ್ಲಿ ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕವರೇ. ಫೋಟೋದಲ್ಲಿ ಹಾಗೆ ಕೂರಿಸಿದ್ದು, ನಿಲ್ಲಿಸಿದ್ದು ಸ್ಟುಡಿಯೋದವರು.

ಈ ಪದ್ಧತಿಗೆ ಒಂದು ಕಾರಣವಿದೆ. 1839ರಲ್ಲಿ ಛಾಯಾಚಿತ್ರ ಕಲೆ ಲೋಕಕ್ಕೆ ಪರಿಚಯವಾದಾಗ ಒಂದು ಚಿತ್ರ ಮೂಡಲು ನಿಮಿಷಗಳೇ ಬೇಕಾಗುತ್ತಿದ್ದವು. ಸ್ವಲ್ಪ ಅಲುಗಿದರೂ ಮುಖ ಮಸುಕು. ಅದಕ್ಕಾಗಿ ತಲೆಯ ಹಿಂದೆ ಕಬ್ಬಿಣದ ಆಧಾರ ಕೊಟ್ಟು ಕೂರಿಸುತ್ತಿದ್ದರು. ಅಷ್ಟು ಹೊತ್ತು ನಗುವನ್ನು ಹಿಡಿದಿಡುವುದಾದರೂ ಹೇಗೆ? ಮುಂದೆ ಕ್ಯಾಮೆರಾಗಳು ಚುರುಕಾದವು. ಬಿಗಿದು ಕೂರುವ ಅಭ್ಯಾಸ ಮಾತ್ರ ಬಹುಕಾಲ ಉಳಿಯಿತು.

ನಿಲ್ಲುವ, ಕೂರುವ ಈ ರೀತಿಗೆ ನಾವು ‘ಭಂಗಿ’ ಎನ್ನುತ್ತೇವೆ. ಮೈಯನ್ನು ಮೂರು ಕಡೆ ಬಾಗಿಸಿ ನಿಂತರೆ ಅದು ತ್ರಿಭಂಗಿ. ಬೇಲೂರಿನ ದರ್ಪಣ ಸುಂದರಿ ಕನ್ನಡಿ ಹಿಡಿದು ನಿಂತು ಒಂಬತ್ತು ಶತಮಾನಗಳೇ ಆದವು. ತನ್ನ ಮುಖವನ್ನು ನೋಡಿಕೊಳ್ಳುತ್ತಿರುವವಳು ಅವಳೇ ಆದರೂ, ಹೇಗೆ ನಿಲ್ಲಬೇಕೆಂದು ತೀರ್ಮಾನಿಸಿದವನು ಶಿಲ್ಪಿ.

ಶಿಲ್ಪಕಲೆಯನ್ನೇ ಓದಿ ಬಂದ ಕಲಾವಿದೆಯೊಬ್ಬರು ಈ ತೀರ್ಮಾನವನ್ನು ತಮ್ಮ ಕೈಗೆ ತೆಗೆದುಕೊಂಡರು. ಅವರು 1956ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎನ್. ಪುಷ್ಪಮಾಲಾ. ಅವರು ವೇಷ ತೊಟ್ಟು, ಹಿನ್ನೆಲೆಯ ಪರದೆ ಕಟ್ಟಿಸಿ, ಕ್ಯಾಮೆರಾದ ಮುಂದೆ ತಾವೇ ನಿಲ್ಲುತ್ತಾರೆ. ಇದಕ್ಕೆ ‘ಫೋಟೋ ಪರ್ಫಾರ್ಮೆನ್ಸ್’ ಎಂದು ಹೆಸರು. ನಾಟಕದ ಒಂದು ಕ್ಷಣ ಫೋಟೋದಲ್ಲಿ ನಿಂತುಬಿಟ್ಟಂತೆ!

2000ದಿಂದ 2004ರವರೆಗೆ ಅವರು ಛಾಯಾಗ್ರಾಹಕಿ ಕ್ಲೇರ್ ಅರ್ನಿ ಜೊತೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಎಂಬ ದೊಡ್ಡ ಸರಣಿ ಮಾಡಿದರು. ಮನೆಮನೆಯ ಗೋಡೆಯಲ್ಲಿ, ಕ್ಯಾಲೆಂಡರಿನಲ್ಲಿ, ಸಿನಿಮಾದಲ್ಲಿ ನಾವು ನೋಡುತ್ತಲೇ ಬಂದ ಹೆಣ್ಣಿನ ಚಿತ್ರಗಳನ್ನು ಅದರಲ್ಲಿ ಮತ್ತೆ ಕಟ್ಟಿದರು. ರಾಜಾ ರವಿವರ್ಮ 1889ರಲ್ಲಿ ಬರೆದ ಬೆಳದಿಂಗಳ ಹೆಣ್ಣು, ಕಮಲದ ಲಕ್ಷ್ಮಿ, ಬಿಜಾಪುರದ ಹಳೆಯ ಚಿತ್ರದ ಯೋಗಿನಿ, ಇವರೆಲ್ಲರೂ ಪುಷ್ಪಮಾಲಾ ಅವರೇ. ಮೊದಲು ನಗು ಬರುತ್ತದೆ. ನೋಡುತ್ತಾ ಹೋದಂತೆ ಒಂದು ಪ್ರಶ್ನೆ ಏಳುತ್ತದೆ: ಲಕ್ಷ್ಮಿ ಹೀಗೇ ನಿಲ್ಲಬೇಕು, ಒಳ್ಳೆಯ ಹೆಂಗಸು ಹೀಗೇ ಕೂರಬೇಕು ಎಂದು ನಮಗೆ ಕಲಿಸಿದವರು ಯಾರು?

ಅದೇ ಸರಣಿಯಲ್ಲಿ ನೀಲಗಿರಿಯ ತೋಡ ಹೆಂಗಸಿನ ಚಿತ್ರವೂ ಇದೆ. ಅಲ್ಲಿ ನಗು ಬರುವುದಿಲ್ಲ. ಆ ಚಿತ್ರದ ಹಿಂದೆ ಬ್ರಿಟಿಷರ ಕಾಲದ ಒಂದು ಕಥೆಯಿದೆ. 1869ರಲ್ಲಿ ಲ್ಯಾಂಪ್ರೆ ಎಂಬಾತ ಮರದ ಚೌಕಟ್ಟಿಗೆ ರೇಷ್ಮೆ ದಾರ ಕಟ್ಟಿ, ಎರಡೆರಡು ಅಂಗುಲದ ಮನೆಗಳನ್ನು ಮಾಡಿದ. ಅದರ ಮುಂದೆ ಜನರನ್ನು ಬಟ್ಟೆಯಿಲ್ಲದೆ ನಿಲ್ಲಿಸಿ, ಫೋಟೋ ತೆಗೆದು, ಮೈಯ ಅಳತೆಗಳನ್ನು ಹೋಲಿಸುವುದು ಅವನ ಉದ್ದೇಶ. ಮನುಷ್ಯರನ್ನು ‘ಜಾತಿ’, ‘ಬುಡಕಟ್ಟು’ ಎಂದು ವಿಂಗಡಿಸಲು ಇಂಥ ಫೋಟೋಗಳು ಬಳಕೆಯಾದವು. ‘ನಿಮ್ಮ ಫೋಟೋ ತೆಗೆಯಲೇ?’ ಎಂದು ಅವರನ್ನು ಕೇಳುವವರಿರಲಿಲ್ಲ. ಅಂಥ ಚೌಕುಳಿ ಪರದೆಯ ಮುಂದೆ ಪುಷ್ಪಮಾಲಾ ತಾವೇ ಹೋಗಿ ನಿಂತಾಗ ಆ ಅವಮಾನ ನೋಡುವವರಿಗೂ ತಟ್ಟುತ್ತದೆ.

ಮನೆಯ ಅಡುಗೆ ಪುಸ್ತಕದಿಂದಲೂ ಅವರು ಕಲೆ ಮಾಡಿದ್ದಾರೆ. ತಾಯಿ ಮತ್ತು ಅತ್ತೆಯವರ ಹಳೆಯ ಅಡುಗೆ ಟಿಪ್ಪಣಿಗಳನ್ನು ಆಧರಿಸಿದ ‘ರಾಷ್ಟ್ರೀಯ ಖೀರ್ ಅಂಡ್ ದೇಸೀಯ ಸಲಾಡ್’ 2004ರ ವಿಡಿಯೋ. ಸೈನ್ಯದ ಅಧಿಕಾರಿ ಗಂಡ, ಗರ್ಭಿಣಿ ಹೆಂಡತಿ, ಶಾಲೆಗೆ ಹೋಗುವ ಮಗು, ಹೀಗೆ ಸ್ವತಂತ್ರ ಭಾರತದ ‘ಆದರ್ಶ ಕುಟುಂಬ’ವೊಂದು ಅದರಲ್ಲಿ ಕಾಣುತ್ತದೆ.

ವಿಡಿಯೋ ಅಂದರೆ ಓಡಾಟ, ಕುಣಿತ ಇರಲೇಬೇಕೆಂದಿಲ್ಲ. ಇಂಗ್ಲೆಂಡಿನ ಗಿಲಿಯನ್ ವೇರಿಂಗ್ 1996ರಲ್ಲಿ ಪೊಲೀಸ್ ಸಮವಸ್ತ್ರ ತೊಟ್ಟ 26 ಮಂದಿಯನ್ನು ಗುಂಪು ಫೋಟೋಕ್ಕೆ ನಿಲ್ಲಿಸುವಂತೆ ಸಾಲಾಗಿ ಕೂರಿಸಿ, ನಿಲ್ಲಿಸಿ, ಒಂದು ಗಂಟೆ ಅಲುಗದಿರಲು ಹೇಳಿ ವಿಡಿಯೋ ಮಾಡಿದರು. ಮೊದಲು ಎಲ್ಲರೂ ಗಂಭೀರ. ಹೊತ್ತು ಹೋದಂತೆ ಒಬ್ಬರಿಗೆ ತುರಿಕೆ, ಒಬ್ಬರಿಗೆ ಚಡಪಡಿಕೆ. ಸಮವಸ್ತ್ರದೊಳಗಿನ ಮನುಷ್ಯ ಮೆಲ್ಲಗೆ ಹೊರಗೆ ಇಣುಕುತ್ತಾನೆ.

ನಮ್ಮಲ್ಲಿ ಪೊಲೀಸರೇ ಕ್ಯಾಮೆರಾ ಹಿಡಿದ ಉದಾಹರಣೆಯೂ ಇದೆ. ಬೆಂಗಳೂರಿನಲ್ಲಿ ಪೊಲೀಸ್ ಕೆಲಸದಲ್ಲಿದ್ದ ಬಿ.ಎಸ್. ಶಿವರಾಜು ಕಲಾಲೋಕದಲ್ಲಿ ‘ಕಾಪ್ ಶಿವ’ ಎಂದೇ ಪರಿಚಿತರು. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧೀಜಿ ಪ್ರತಿಮೆಯಂತೆ ನಿಲ್ಲುವ ಹಳ್ಳಿಯ ಶಾಲಾ ಶಿಕ್ಷಕರೊಬ್ಬರ ಚಿತ್ರಸರಣಿ ಅವರಿಗೆ ಹೆಸರು ತಂದಿತು. ಇಲ್ಲಿ ಭಂಗಿಯನ್ನು ಹೊರಗಿನವರು ಹೇರಿಲ್ಲ. ಹೀಗೆ ಕಾಣಬೇಕೆಂದು ಆ ಮೇಷ್ಟ್ರೇ ಆರಿಸಿಕೊಂಡಿದ್ದಾರೆ. ಫೋಟೋ ತೆಗೆದವರು ಅದನ್ನು ಗೌರವಿಸಿದ್ದಾರೆ.

ಈಗ ಮನೆಮನೆಯಲ್ಲೂ ಕ್ಯಾಮೆರಾ. ‘ನಗು’, ‘ನೆಟ್ಟಗೆ ನಿಲ್ಲು’, ‘ಮಾಮನಿಗೆ ಡ್ಯಾನ್ಸ್ ಮಾಡಿ ತೋರಿಸು’ ಎಂದು ಮಕ್ಕಳಿಗೆ ಹೇಳುತ್ತಲೇ ಇರುತ್ತೇವೆ. ಮಗು ಮುಖ ತಿರುಗಿಸಿದರೆ ಅದೂ ಒಂದು ಉತ್ತರ. ತೋಟದ ಕೆಲಸಕ್ಕೆ ಬಂದವರ, ಮಲಗಿರುವ ಅಜ್ಜನ ಫೋಟೋ ತೆಗೆಯುವ ಮುನ್ನವೂ ಒಂದು ಮಾತು ಕೇಳಬೇಕು. ಬೇಡವೆಂದರೆ ಮೊಬೈಲು ಕೆಳಗಿಡಬೇಕು.

ಮಕ್ಕಳೇ, ಈ ಭಾನುವಾರ ಒಂದು ಆಟ ಆಡಿ. ಮನೆಯ ಹಳೆಯ ಫೋಟೋ ಒಂದನ್ನು ಆರಿಸಿಕೊಳ್ಳಿ. ಅದರಲ್ಲಿರುವಂತೆಯೇ ಎಲ್ಲರೂ ಎರಡು ನಿಮಿಷ ಅಲುಗದೆ ನಿಲ್ಲಿ. ಹುಡುಗರು ಅಜ್ಜಿಯಾಗಲಿ, ಹುಡುಗಿಯರು ಕುರ್ಚಿಯಲ್ಲಿ ಕೂರಲಿ. ಎಲ್ಲಿ ನೋವಾಯಿತು, ಏನನ್ನಿಸಿತು ಎಂದು ಹೇಳಿಕೊಳ್ಳಿ. ಆಮೇಲೆ ಅಜ್ಜಿಯನ್ನು ಕೇಳಿ: ‘ಅಜ್ಜೀ, ನಿನಗೆ ಹೇಗೆ ನಿಲ್ಲಬೇಕು ಅಂತಿತ್ತು?’ ಅವರು ಹೇಳಿದಂತೆಯೇ ಹೊಸದೊಂದು ಫೋಟೋ ತೆಗೆಯಿರಿ.