ರೊಟ್ಟಿ ಒಲ್ಲದ ಮಗುವಿಗೆ ಜೋಳದ ಮಫಿನ್



ಕಳೆದ ವರ್ಷ ಮಳೆಗಾಲದ ಒಂದು ಮುಂಜಾನೆ, ಮೂಡಲಗಿ ಕಡೆಯ ಹಳ್ಳಿಯೊಂದರಿಂದ ತಾಯಿಯೊಬ್ಬರು ತಮ್ಮ ಒಂಬತ್ತು ವರ್ಷದ ಮಗಳನ್ನು ಗೋಕಾಕದ ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಶಾಲೆಯಲ್ಲಿ ಹನ್ನೊಂದು ಗಂಟೆಯಾಗುತ್ತಲೇ ಮಗುವಿಗೆ ತಲೆನೋವು, ಹೊಟ್ಟೆಯಲ್ಲಿ ಸಂಕಟ. ನಾಡಿ ನೋಡಿದೆ, ನಾಲಿಗೆ ನೋಡಿದೆ, ಕಣ್ಣಿನ ಒಳರೆಪ್ಪೆ ನೋಡಿದೆ. ರಕ್ತ ಕಡಿಮೆಯಿರಬಹುದೆಂಬ ಸಂಶಯದಿಂದ ಪರೀಕ್ಷೆಗೆ ಬರೆದುಕೊಟ್ಟೆ. ಆಮೇಲೆ ಬೆಳಗಿನ ಆಹಾರವೇನೆಂದು ವಿಚಾರಿಸಿದರೆ, ಒಂದು ಲೋಟ ಚಹಾ, ನಾಲ್ಕು ಬಿಸ್ಕತ್ತು! ಕೂಡಲೇ ನಾನು ಆ ತಾಯಿಗೆ ತುಸು ಗಡಸಾಗಿಯೇ ಹೇಳಿದೆ: "ಜೋಳದ ರೊಟ್ಟಿ ಕೊಡಲಿಕ್ಕೆ ಏನು ಅಡ್ಡಿ?" ಅವರು ತಲೆ ತಗ್ಗಿಸಿ, "ಹೊತ್ತು ಮೂಡೋದ್ರಾಗ ನಾ ಕಬ್ಬಿನ ಹೊಲಕ್ಕ ಹೋಗಬೇಕ್ರಿ. ರೊಟ್ಟಿ ಕಟ್ಟಿಟ್ರ ಒಯ್ಯಂಗಿಲ್ರೀ, ಸಾಲ್ಯಾಗ ನಗತಾರಂತ. ಬೇಕರಿ ಕೇಕ್ ಆದ್ರ ತಿಂತಾಳ್ರಿ" ಎಂದರು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದು ಸಂಜೆ ಮನೆಗೆ ಬಂದು ನೋಡಿದರೆ, ನನ್ನ ಮೊಮ್ಮಗಳ ಶಾಲಾ ಚೀಲದಲ್ಲಿಯೂ ಅದೇ ಬೇಕರಿ ಕೇಕಿನ ಕಾಗದ! ನಲವತ್ತು ವರ್ಷಗಳಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ರೋಗಿಗಳಿಗೆ ಪಥ್ಯ ಹೇಳುತ್ತ ಬಂದವನ ಪಥ್ಯ ಸ್ವಂತ ಮನೆಯಲ್ಲಿಯೇ ನಡೆದಿರಲಿಲ್ಲ. ಮಗುವಿನ ಹೊಟ್ಟೆಗೆ ಇಳಿಯದ ಪಥ್ಯದಿಂದ ಪ್ರಯೋಜನವೇನು? ಮಗುವಿಗೆ ಬೇಕಾದುದು ಕೇಕಿನ ಆಕಾರವಾದರೆ, ಅದರೊಳಗೆ ನಮ್ಮ ರೊಟ್ಟಿ, ಬೆಲ್ಲ, ತುಪ್ಪವನ್ನೇ ಇಟ್ಟುಕೊಡಲು ಸಾಧ್ಯವಿಲ್ಲವೆ? ಈ ಲೇಖನ ಹುಟ್ಟಿದ್ದು ಆ ವಿಚಾರದಿಂದ.

ಬೇಕರಿಯ ಮಫಿನ್ ಎಂಬ ಬಟ್ಟಲಿನಾಕಾರದ ಪುಟ್ಟ ಕೇಕಿನಲ್ಲಿ ಸಾಮಾನ್ಯವಾಗಿ ಇರುವುದು ಮೈದಾ, ಸಕ್ಕರೆ, ಮೊಟ್ಟೆ ಮತ್ತು ಅಗ್ಗದ ಕೊಬ್ಬು. ನಾರಿನಂಶ ಇಲ್ಲವೆನ್ನುವಷ್ಟು ಕಡಿಮೆ. ಡಾಲ್ಡಾದಂಥ ಗಟ್ಟಿಗೊಳಿಸಿದ ಎಣ್ಣೆಯಲ್ಲಿರುವ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿಕರವೆಂದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2022ರಿಂದ ಅದನ್ನು ಶೇ. 2ಕ್ಕೆ ಮಿತಿಗೊಳಿಸಿದೆ. ಮಠದ ಸಂಸ್ಕಾರದ ಮನೆಗಳಲ್ಲಿ ಮೊಟ್ಟೆ ನಿಷಿದ್ಧ. ಆದರೂ ಬೇಕರಿಯ ಪೊಟ್ಟಣದೊಳಗೆ ಅದು ನಮಗರಿವಿಲ್ಲದೆ ಮನೆ ಸೇರುತ್ತದೆ.

ಇನ್ನು ನಮ್ಮ ಜೋಳ. ಹಿಡಕಲ್ ಜಲಾಶಯದ ನೀರು ಹರಿದ ಮೇಲೆ ಈ ಭಾಗದಲ್ಲಿ ಕಬ್ಬು ಹಬ್ಬಿತು, ಜೋಳದ ಹೊಲಗಳು ಹಿಂದೆ ಸರಿದವು. ವಿಶ್ವಸಂಸ್ಥೆಯು 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದಾಗ ಜೋಳವೂ ಆ ಪಟ್ಟಿಯಲ್ಲಿತ್ತು. ಆಯುರ್ವೇದದಲ್ಲಿ ಜೋಳಕ್ಕೆ ಯಾವನಾಲವೆಂದು ಹೆಸರು. ಅದು ಲಘು, ಶೀತ ಮತ್ತು ರೂಕ್ಷ. ಆ ರೂಕ್ಷತೆಯನ್ನು ತಗ್ಗಿಸಲೆಂದೇ ನಮ್ಮ ಹಿರಿಯರು ರೊಟ್ಟಿಗೆ ತುಪ್ಪ, ಬೆಣ್ಣೆ, ಶೇಂಗಾ ಹಿಂಡಿ, ಅಗಸಿ ಹಿಂಡಿಯ ಜೊತೆ ಕೊಟ್ಟರು. ಗೋಧಿಯೋ ಗುರು ಮತ್ತು ಸ್ನಿಗ್ಧ. ಇವೆರಡನ್ನೂ ಸಮನಾಗಿ ಸೇರಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ನನ್ನ ಮೊದಲ ಪ್ರಯತ್ನ ಕೆಟ್ಟಿತೆಂದು ಒಪ್ಪಿಕೊಳ್ಳುತ್ತೇನೆ. ಬರಿಯ ಜೋಳದ ಹಿಟ್ಟಿನಿಂದ ಮಾಡಿದ್ದು ಕೈಗೆತ್ತಿಕೊಳ್ಳುವ ಮೊದಲೇ ಪುಡಿಪುಡಿಯಾಯಿತು. ನನ್ನ ಪತ್ನಿ ನಕ್ಕು, "ಎಸರು ಹಾಕದ ರೊಟ್ಟಿ ಬಡದರ ಹರೀತಾವಲ್ಲ, ಇದೂ ಹಂಗ" ಎಂದಳು. ನಿಜ. ಗೋಧಿಯಲ್ಲಿರುವ ಜಿಗುಟು ಅಂಶ, ಅಂದರೆ ಗ್ಲುಟೆನ್, ಜೋಳದಲ್ಲಿಲ್ಲ. ಕುದಿಯುವ ನೀರು ಬಿದ್ದಾಗ ಜೋಳದ ಪಿಷ್ಟವು ಉಬ್ಬಿ ಅಂಟಾಗುತ್ತದೆ. ಆಗಲೇ ಹಿಟ್ಟು ಹಿಡಿತಕ್ಕೆ ಬರುತ್ತದೆ. ರೊಟ್ಟಿಯ ಈ ವಿದ್ಯೆಯನ್ನೇ ಮಫಿನ್ನಿಗೆ ಬಳಸಿದೆವು. ಮೊಟ್ಟೆಯ ಸ್ಥಾನಕ್ಕೆ ಅಗಸಿ ಬಂದಿತು. ನೀರಿನಲ್ಲಿ ನೆನೆದ ಅಗಸಿ ಪುಡಿ ಲೋಳೆಯಾಗಿ ಹಿಟ್ಟನ್ನು ಹಿಡಿದಿಡುತ್ತದೆ.

ಬೇಕಾಗುವ ಪದಾರ್ಥಗಳು (12 ಮಫಿನ್‌ಗಳಿಗೆ)

ಜೋಳದ ಹಿಟ್ಟು 120 ಗ್ರಾಂ, ಗೋಧಿ ಹಿಟ್ಟು 120 ಗ್ರಾಂ, ಬೆಲ್ಲ 120 ಗ್ರಾಂ, ನೀರು ಅರ್ಧ ಬಟ್ಟಲು, ತುಪ್ಪ 4 ದೊಡ್ಡ ಚಮಚ, ಹುರಿದು ಪುಡಿ ಮಾಡಿದ ಅಗಸಿ 2 ದೊಡ್ಡ ಚಮಚ, ಹುಳಿ ಮಜ್ಜಿಗೆ ಮುಕ್ಕಾಲು ಬಟ್ಟಲು, ಒಣಕೊಬ್ಬರಿ ತುರಿ 2 ದೊಡ್ಡ ಚಮಚ, ಬೇಕಿಂಗ್ ಪೌಡರ್ 1 ಸಣ್ಣ ಚಮಚ, ಅಡಿಗೆ ಸೋಡಾ ಅರ್ಧ ಸಣ್ಣ ಚಮಚ, ಚಿಟಿಕೆ ಉಪ್ಪು. ಪರಿಮಳಕ್ಕೆ ಜಾತ್ರೆಯ ಮಾದಲಿಗೆ ಹಾಕುವ ಏಲಕ್ಕಿ ಮತ್ತು ಶುಂಠಿ ಪುಡಿ, ಮೇಲೆ ಉದುರಿಸಲು ಗಸಗಸೆ.

ಮಾಡುವ ವಿಧಾನ

ಅಗಸಿ ಪುಡಿಯನ್ನು 6 ದೊಡ್ಡ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಯಿಡಿ. ಬೆಲ್ಲವನ್ನು ಅರ್ಧ ಬಟ್ಟಲು ನೀರಿನಲ್ಲಿ ಕುದಿಸಿ, ಸೋಸಿ, ಬಿಸಿಯಿರುವಾಗಲೇ ಜೋಳದ ಹಿಟ್ಟಿನ ಮೇಲೆ ಸುರಿದು ಕಲಸಿ ಮುಚ್ಚಿಡಿ. ಪೂರ್ತಿ ಆರಿದ ಮೇಲೆ ಅಗಸಿ ಲೋಳೆ, ಕರಗಿಸಿದ ತುಪ್ಪ, ಮಜ್ಜಿಗೆ, ಕೊಬ್ಬರಿ, ಏಲಕ್ಕಿ, ಶುಂಠಿ ಸೇರಿಸಿ. ಗೋಧಿ ಹಿಟ್ಟಿಗೆ ಸೋಡಾ, ಬೇಕಿಂಗ್ ಪೌಡರ್, ಉಪ್ಪು ಬೆರೆಸಿ ಕೊನೆಯಲ್ಲಿ ಹಾಕಿ, ಹಗುರಾಗಿ ಕಲಸಿ. ಹೆಚ್ಚು ತಿರುವಿದರೆ ಗೋಧಿಯ ಜಿಗುಟು ಬಲಿತು ಮಫಿನ್ ಗಟ್ಟಿಯಾಗುತ್ತದೆ. ಹದವು ಪಡ್ಡಿನ ಹಿಟ್ಟಿನಂತಿರಲಿ. ಗಟ್ಟಿಯೆನಿಸಿದರೆ ಸ್ವಲ್ಪ ಮಜ್ಜಿಗೆ ಸೇರಿಸಬಹುದು. ಮಜ್ಜಿಗೆಯ ಹುಳಿ ಮತ್ತು ಸೋಡಾ ಕೂಡಿದೊಡನೆ ಗಾಳಿಗುಳ್ಳೆಗಳು ಏಳತೊಡಗುವುದರಿಂದ, ಕಲಸಿದ ಹಿಟ್ಟನ್ನು ಕಾಯಿಸದೆ ಬೇಯಲು ಇಡಬೇಕು.

ಒವನ್ ಇದ್ದವರು 180 ಡಿಗ್ರಿ ಶಾಖದಲ್ಲಿ 20ರಿಂದ 22 ನಿಮಿಷ ಬೇಯಿಸಲಿ. ಇಲ್ಲದವರು ಚಿಂತಿಸಬೇಕಿಲ್ಲ. ಪ್ರತಿ ಮನೆಯಲ್ಲಿರುವ ಪಡ್ಡಿನ ಹಂಚಿಗೆ ತುಪ್ಪ ಸವರಿ, ಹಿಟ್ಟು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿ, ತಿರುವಿ ಹಾಕಿದರಾಯಿತು. ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟದಿದ್ದರೆ ಬೆಂದಿದೆಯೆಂದು ತಿಳಿಯಬೇಕು. ಕಬ್ಬಿನ ಹೊಲಕ್ಕೆ ಹೋಗುವ ಆ ತಾಯಿಗೆ ನಾನು ಹೇಳಿಕೊಟ್ಟದ್ದು ಈ ಹಂಚಿನ ಮಾರ್ಗವನ್ನೇ. ರಾತ್ರಿ ಮಾಡಿಟ್ಟರೆ ಬೆಳಿಗ್ಗೆಗೆ ಸಿದ್ಧ. ಅದಕ್ಕಿಂತ ಹೆಚ್ಚು ಹೊತ್ತು ಇಡಬಾರದು. ಹಳಸಿದ ಆಹಾರವನ್ನು ಆಯುರ್ವೇದ ಒಪ್ಪುವುದಿಲ್ಲ.

ಗಮನಿಸಬೇಕಾದ ಸಂಗತಿಗಳು

ಹೊಸ ಹೊಸ ಪದಾರ್ಥಗಳನ್ನು ಬೆರೆಸುವ ಉತ್ಸಾಹದಲ್ಲಿ ವಿರುದ್ಧಾಹಾರವನ್ನು ಮರೆಯಬಾರದು. ಬಾಳೆಹಣ್ಣು ಹಾಕಿದ ಮಫಿನ್ ಈಗ ಬಹಳ ಜನಪ್ರಿಯ. ಆದರೆ ಮಜ್ಜಿಗೆ ಅಥವಾ ಮೊಸರಿನೊಡನೆ ಬಾಳೆಹಣ್ಣು ವಿರುದ್ಧವೆಂದು ಅಷ್ಟಾಂಗಹೃದಯ ಹೇಳುತ್ತದೆ. ಜೇನನ್ನು ಬಿಸಿಮಾಡಬಾರದೆಂಬುದು ಚರಕರ ಮತ. ಮೊಸರನ್ನೂ ಬಿಸಿಮಾಡಿ ಉಣ್ಣಬಾರದೆಂದಿದೆ. ಆದುದರಿಂದಲೇ ಇಲ್ಲಿ ಮೊಸರಿನ ಬದಲು ಕಡೆದ ಮಜ್ಜಿಗೆಯನ್ನು ಬಳಸಿದ್ದೇನೆ. ಇದನ್ನು ತಿಂದೊಡನೆ ಹಾಲು ಕುಡಿಸದೆ ಬಿಸಿನೀರು ಕೊಡುವುದು ಲೇಸು. ಹಾಲನ್ನು ಬೇರೆ ಹೊತ್ತಿನಲ್ಲಿ ಕೊಡಬಹುದು.

ಬೆಲ್ಲ ಆರಿಸುವಾಗ ಹಳದಿ ಹೊಳಪಿಗೆ ಮರುಳಾಗಬಾರದು. ಬಣ್ಣ ತಿಳಿಯಾಗಿಸಲು ರಾಸಾಯನಿಕ ಸೇರಿಸುವುದುಂಟು. ಪರಿಚಿತ ಆಲೆಮನೆಯ ಕಂದು ಬೆಲ್ಲ ಉತ್ತಮ. ಹೊಸ ಬೆಲ್ಲ ಕಫವನ್ನು ಹೆಚ್ಚಿಸುತ್ತದೆ, ಒಂದು ವರ್ಷ ಹಳೆಯದು ಪಥ್ಯಕರ ಎಂಬುದು ಶಾಸ್ತ್ರದ ಅಭಿಪ್ರಾಯ. ಆದರೆ ಬೆಲ್ಲವೆಂದ ಮಾತ್ರಕ್ಕೆ ಮಿತಿಯಿಲ್ಲದೆ ತಿನ್ನಬಹುದೆಂದು ಭಾವಿಸಬೇಡಿ. ಈ ಅಳತೆಯಲ್ಲಿ ಒಂದು ಮಫಿನ್ನಿಗೆ 10 ಗ್ರಾಂ ಬೆಲ್ಲ, ಸುಮಾರು 170 ಕ್ಯಾಲೊರಿ ಬರುತ್ತದೆ. ದಿನದ ಶಕ್ತಿಯಲ್ಲಿ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆಯಿರಲಿ, ಸಾಧ್ಯವಾದರೆ ಶೇ. 5ಕ್ಕೆ ಇಳಿಯಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ತಿಳಿಸಿದೆ. ಶಾಲೆಗೆ ಹೋಗುವ ಮಗುವಿಗೆ ಬೆಳಿಗ್ಗೆ ಎರಡು ಸಾಕು. ಅಂದು ಬೇರೆ ಸಿಹಿ ಬೇಡ.

ಮಧುಮೇಹವಿರುವ ಹಿರಿಯರಿಗೆ ಈ ಸಿಹಿ ಮಫಿನ್ ಸಲ್ಲದು. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅವರಿಗಾಗಿ ಬೆಲ್ಲದ ನೀರಿನ ಬದಲು ಬರಿಯ ಕುದಿನೀರನ್ನು ಹಾಕಿ, ಹೆಚ್ಚಿದ ಮೆಂತ್ಯೆ ಸೊಪ್ಪು, ಜೀರಿಗೆ, ಹಸಿಮೆಣಸು, ರುಚಿಗೆ ಉಪ್ಪು ಸೇರಿಸಿ ಖಾರದ ಮಫಿನ್ ಮಾಡಬಹುದು. ಅದನ್ನೂ ಊಟದ ಲೆಕ್ಕಕ್ಕೆ ಹಿಡಿದು ಒಂದು ರೊಟ್ಟಿಯನ್ನು ಕಡಿಮೆ ಮಾಡಬೇಕು.

ಮಫಿನ್ ರಕ್ತಹೀನತೆಗೆ ಔಷಧವಲ್ಲ. ಆ ಮಗುವಿಗೆ ರಕ್ತ ಕಡಿಮೆಯಿದೆಯೆಂದು ಪರೀಕ್ಷೆಯಲ್ಲಿ ತಿಳಿದಾಗ ಅದಕ್ಕೆ ತಕ್ಕ ಔಷಧವನ್ನೇ ಕೊಟ್ಟೆ. ಜಂತುಹುಳುವಿಗೂ ಚಿಕಿತ್ಸೆ ಮಾಡಿದೆ. ಆದರೆ ಖಾಲಿ ಹೊಟ್ಟೆಯಲ್ಲಿ ಚಹಾ ಕುಡಿಯುವ ರೂಢಿ ತಪ್ಪದೆ ಔಷಧ ಫಲಿಸುವುದು ಕಷ್ಟ, ಏಕೆಂದರೆ ಚಹಾವು ಆಹಾರದ ಕಬ್ಬಿಣಾಂಶ ದೇಹಕ್ಕೆ ಸೇರದಂತೆ ತಡೆಯುತ್ತದೆ.

ದೀಪಾವಳಿ ಕಳೆದ ಮೇಲೆ ತಾಯಿ ಮಗಳು ಮತ್ತೆ ಬಂದರು. ಹನ್ನೊಂದು ಗಂಟೆಯ ತಲೆನೋವು ನಿಂತಿತ್ತು. "ಈಗ ಅಕೀನ ಹಿಟ್ಟು ಕಲಸತಾಳ್ರಿ" ಎಂದು ತಾಯಿ ಹೇಳುವಾಗ ಮಗು ನಾಚಿ ಸೆರಗಿನ ಹಿಂದೆ ಸರಿಯಿತು. "ಸಾಲ್ಯಾಗ ಯಾರರ ನಕ್ಕರೇನವಾ?" ಎಂದು ನಾನು ಕೇಳಿದೆ. "ಇಲ್ರೀ ಅಜ್ಜಾರ, ನನಗೂ ಒಂದ್ ಕೊಡು ಅಂದ್ರು" ಎಂದಿತು. ಅದರಲ್ಲಿರುವುದು ಜೋಳವೆಂದು ಗೆಳತಿಯರಿಗೆ ಹೇಳಿದೆಯಾ ಎಂದೆ. "ತಿಂದ ಮ್ಯಾಲ ಹೇಳಿದ್ನಿ" ಎಂದು ನಕ್ಕಿತು.